ಕೈ ಕೂಡಿತು, ಪ್ಲಗ್ಗು ಕೂಡಲಿಲ್ಲ

ವಿಪತ್ತು ನಿರ್ವಹಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಮೊದಲು ಕೈಯಲ್ಲಿರುವ ಟೀ ಲೋಟ ಕೆಳಗಿಡಿ. ನಿಮಗಿಂತ ಮುಂಚೆ ಇದನ್ನು ಒಡೆದು ಓದುವ ನಿಮ್ಮ ಗುಮಾಸ್ತರಿಗೂ, ‘ಯಾವುದೋ ಮುದುಕಿಯ ಗೊಣಗಾಟ’ ಎಂದು ಪತ್ರಿಕೆಯ ಪುಟ ತಿರುವಲು ಹೊರಟವರಿಗೂ ಇದೇ ಮಾತು. ಗೋಡೆ ಬೀಳುವ ಮುನ್ನ ನಿಮಗ್ಯಾರಿಗೂ ಪುರಸೊತ್ತಿಲ್ಲ, ಬಿದ್ದ ಮೇಲೆ ನೋಡಲು ಮಾತ್ರ ಸಾಲುಗಟ್ಟಿ ಬರುತ್ತೀರಿ. ಕೂತು ಓದಿ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಬೆಂಚು ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಪ್ಪಿಲ್ಲ.

ನನ್ನ ಸೊಸೆಯನ್ನು ಉಳಿಸಿದ ನಮ್ಮ ಬೀದಿಯ ಎಲೆಕ್ಟ್ರಿಷಿಯನ್‌ಗೆ ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಬೀದಿಯವರೆಲ್ಲ ಅವನನ್ನು ಕರೆಂಟಪ್ಪ ಎನ್ನುತ್ತೇವೆ. ‘ನೆರೆನಗರದ ರಕ್ಷಣಾ ಉಪಕರಣವನ್ನು ಅನಧಿಕೃತವಾಗಿ ತುಂಡರಿಸಿದ ನಿಮ್ಮ ಲೈಸೆನ್ಸನ್ನು ಏಕೆ ರದ್ದುಪಡಿಸಬಾರದು’ ಎಂದು ಕೇಳಿದ್ದೀರಿ. ಮುಂದಿನ ತಿಂಗಳ ಮೂರನೇ ತಾರೀಖು ವಿಚಾರಣೆಯಂತೆ. ಏಕೆ ರದ್ದುಪಡಿಸಬಾರದು ಎಂದು ನಾನು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಆ ದಿನ ಬೆಳಿಗ್ಗೆ ಹತ್ತಕ್ಕೆ ನಮ್ಮ ಬೀದಿಯ ಮೂರಂತಸ್ತಿನ ಕಟ್ಟಡ ಕುಸಿಯಿತು. ಅದರ ನೆಲಮಹಡಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಿತ್ತು. ನನ್ನ ಸೊಸೆ ಇಸ್ತ್ರಿ ಮೇಜಿನಡಿ ಸಿಕ್ಕಿಬಿದ್ದಳು, ಎಡಗಾಲಿನ ಮೇಲೆ ತೊಲೆ. ಬದುಕಿದ್ದಾಳೆಂದು ನಮಗೆ ಗೊತ್ತಾದದ್ದು ನಿಮ್ಮ ಯಂತ್ರದಿಂದಲ್ಲ. ಅವಳು ಇಸ್ತ್ರಿ ಪೆಟ್ಟಿಗೆಯಿಂದ ನೀರಿನ ಪೈಪಿಗೆ ಮೂರು ಸಲ ಹೊಡೆಯುವಳು, ನಿಲ್ಲಿಸುವಳು, ಮತ್ತೆ ಮೂರು ಸಲ. ರಸ್ತೆಬದಿಯ ನಲ್ಲಿಗೆ ಕಿವಿಯಿಟ್ಟು ಕೂತಿದ್ದವಳು ನಾನು.

ಹೊಳೆಯಾಚೆಯ ನಗರದವರ ರಕ್ಷಣಾ ತಂಡ ಹನ್ನೊಂದಕ್ಕೆಲ್ಲ ಸೇತುವೆಗೆ ಬಂದು ನಿಂತಿತ್ತು. ಕಾಂಕ್ರೀಟು ಕೊಯ್ಯುವ ಯಂತ್ರ, ಜನರೇಟರ್ ಹೊತ್ತ ಗಾಡಿ, ಎಲ್ಲವೂ ಸಿದ್ಧ. ಸೇತುವೆಯ ಚೌಕಿಯಲ್ಲಿ ಕೂತ ನಿಮ್ಮವರು ಏನೆಂದರು? ‘ಎರಡು ನಗರಗಳ ನೆರವಿನ ಒಪ್ಪಂದದಲ್ಲಿ ಸಿಬ್ಬಂದಿ ಅಂತಿದೆ, ವಾಹನ ಅಂತಿಲ್ಲ. ಸಿಬ್ಬಂದಿ ನಡೆದು ಹೋಗಬಹುದು.’ ಎರಡು ಗಂಟೆ ಫೋನಿನಲ್ಲಿ ಹಗ್ಗಜಗ್ಗಾಟ. ಕಡೆಗೆ ಆ ಜನ ಗಾಡಿಯನ್ನು ಅಲ್ಲೇ ಬಿಟ್ಟು, ಯಂತ್ರವನ್ನು ಹೆಗಲ ಮೇಲೆ ಹೊತ್ತು, ಬಿಸಿಲಲ್ಲಿ ನಡೆದು ಬಂದರು. ಬಂದವರೇ ನಿಮ್ಮ ಜನರೇಟರಿಗೆ ಪ್ಲಗ್ಗು ಚುಚ್ಚಿದರೆ ಅದು ಒಳಗೇ ಹೋಗದು. ಅವರದು ದುಂಡು ಕಡ್ಡಿ, ನಿಮ್ಮದು ಚಪ್ಪಟೆ ತೂತು.

ತಂಡದ ಮುಖ್ಯಸ್ಥೆ, ನನ್ನ ಮಗಳ ವಯಸ್ಸಿನವಳು, ತಲೆ ಮೇಲೆ ಕೈ ಹೊತ್ತಳು. ‘ಅಮ್ಮ, ಎರಡು ವರ್ಷದಿಂದ ನಿಮ್ಮೋರ ಜೊತೆ ಅಣಕು ಕಾರ್ಯಾಚರಣೆ ಮಾಡ್ತಿದೀವಿ. ಒಂದ್ಸಲಾನೂ ಇದನ್ನ ಚುಚ್ಚಿ ನೋಡಿಲ್ಲ.’

ಏಕೆ ನೋಡಿಲ್ಲ ಎಂದು ನಿಮಗೆ ಗೊತ್ತು. ಎರಡೂ ವರ್ಷ ನಾವು ಮೈದಾನದ ಬೇಲಿಯಾಚೆ ನಿಂತು ಆ ಜಾತ್ರೆ ನೋಡಿದವರೇ. ಅವರ ಯಂತ್ರಗಳನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಮದುವಣಗಿತ್ತಿಯ ಹಾಗೆ ಕೂರಿಸಿದ್ದಿರಿ. ಭಾಷಣಕ್ಕೆ ಗದ್ದಲವಾಗುತ್ತದೆಂದು ಚಾಲೂ ಮಾಡಲಿಲ್ಲ. ನೀವೂ ಆಚೆಯ ಅಧಿಕಾರಿಯೂ ಕೈ ಕುಲುಕಿದಿರಿ, ಫೋಟೋಗೆ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಕುಲುಕಿದಿರಿ. ಗಂಡುಹೆಣ್ಣಿನ ಜಾತಕ ಕೂಡಿಸುವವರೂ ನಾಲ್ಕು ಸಲ ತಾಳೆ ನೋಡುತ್ತಾರೆ, ನಿಮಗೆ ಪ್ಲಗ್ಗಿನ ತಾಳೆ ನೋಡಬೇಕೆನ್ನಿಸಲಿಲ್ಲವೇ? ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡಿದ್ದೆ. ಬಾವಿ ತೋಡಿಸಿ, ಫೋಟೋ ತೆಗೆಸಿ, ಹಗ್ಗ ಬಿಂದಿಗೆಗೆ ಆಗುತ್ತದೋ ಇಲ್ಲವೋ ನೋಡದವರನ್ನು ಈಗ ಕಂಡೆ.

ಸ್ಥಳದಲ್ಲಿದ್ದ ನಿಮ್ಮ ಸಹಾಯಕರು ಯಾರಿಗೋ ಫೋನು ಮಾಡಿ, ‘ಹೊಂದಿಸೋ ಪ್ಲಗ್ಗಿಗೆ ಪತ್ರ ಕಳಿಸಿದೀವಿ, ಸಂಜೆಯೊಳಗೆ ಬರತ್ತೆ’ ಎಂದರು. ಅಷ್ಟು ಹೊತ್ತಿಗೆ ಪೈಪಿನ ಸದ್ದು ಮೂರರಿಂದ ಎರಡಕ್ಕಿಳಿದಿತ್ತು.

ಆಗ ಕರೆಂಟಪ್ಪ ಚೀಲ ಹಿಡಿದು ಬಂದ. ಮುಖ್ಯಸ್ಥೆಯ ಹತ್ತಿರ, ‘ಮೇಡಂ, ನಿಮ್ಮ ವೈರು ಕತ್ತರಿಸ್ಲಾ?’ ಎಂದು ಕೇಳಿದ.

‘ಕತ್ತರಿಸಿ ಅಣ್ಣ. ಕೇಳ್ತಾ ನಿಲ್ಬೇಡಿ.’

ಅವನು ನನ್ನ ಕಡೆ ತಿರುಗಿದ. ‘ಅಜ್ಜಿ, ನೀವು ಜನರೇಟರ್ ಹತ್ರ ನಿಂತ್ಕೊಳ್ಳಿ. ನಾನು ಹೇಳೋವರೆಗೂ ಯಾರೂ ಅದನ್ನ ಚಾಲೂ ಮಾಡ್ಬಾರ್ದು.’

‘ದೊಡ್ಡ ಸಾಹೇಬ್ರು ಯಾರಾದ್ರೂ ಬಂದ್ರೆ ಏನ್ ಮಾಡ್ಲೋ?’

‘ಬಾಯಿ ಇದೆಯಲ್ಲ ನಿಮಗೆ. ಇಷ್ಟು ವರ್ಷ ನಮ್ಮ ಮೇಲೆ ಬಿಟ್ರಿ, ಇವತ್ತು ಅವರ ಮೇಲೆ ಬಿಡಿ.’

ಬಿಟ್ಟೆ. ನಿಮ್ಮ ಸಹಾಯಕರು ‘ಸರ್ಕಾರಿ ಸ್ವತ್ತು ಮುಟ್ಟಬೇಡಿ’ ಎಂದು ಬಂದಾಗ ನಾನು ಏನಂದೆ ಎಂಬುದನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಇಪ್ಪತ್ತು ನಿಮಿಷ ಹಿಡಿಯಿತು. ವೈರು ಸುಲಿದು, ಹೊಸೆದು, ಟೇಪು ಸುತ್ತಿ, ನಿಮ್ಮ ಪ್ಲಗ್ಗು ಕಟ್ಟಿದ. ಯಂತ್ರ ಕೂಗಿತು. ನಾಲ್ಕಕ್ಕೆ ಸೊಸೆ ಹೊರಬಂದಳು. ಮುಖವೆಲ್ಲ ಸುಣ್ಣ, ತುಟಿ ಒಣಗಿತ್ತು. ‘ಅತ್ತೆ, ನಿಮ್ಮ ಬಯ್ಗುಳ ಒಳಗೂ ಕೇಳಿಸ್ತಿತ್ತು. ಅದಕ್ಕೇ ನಿದ್ದೆ ಹೋಗ್ಲಿಲ್ಲ’ ಎಂದಳು.

ಪಾದ ಉಳಿಯಲಿಲ್ಲ. ಎರಡು ಗಂಟೆ ಮುಂಚೆ ತಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಆ ಎರಡು ಗಂಟೆ ಸೇತುವೆ ಮೇಲೆ ಕಳೆದುಹೋಯಿತೆಂದು ನಿಮಗೆ ಹೇಳಬೇಕೇ? ಈಗ ಅವಳು ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾಳೆ, ಲಾರಿ ಹೋಗಿ ನೆಲ ನಡುಗಿದರೆ ಪೆಟ್ಟಿಗೆ ಎತ್ತಿ ಹಿಡಿದು ಕಿವಿಗೊಡುತ್ತಾಳೆ. ಸೇತುವೆಯವರಿಗೆ ನೋಟಿಸು ಕೊಟ್ಟಿರಾ? ಪ್ಲಗ್ಗು ನೋಡದವರಿಗೆ? ವೈರಿನ ಒಡೆಯರೇ ದೂರಿಲ್ಲ. ಆ ಮುಖ್ಯಸ್ಥೆ ಟೇಪು ಸುತ್ತಿದ ಆ ತುಂಡನ್ನು ತಮ್ಮ ಠಾಣೆಯ ಗೋಡೆಗೆ ತೂಗುಹಾಕಿದ್ದಾಳಂತೆ. ನಡುವೆ ನಿಮಗೇಕೆ ಹೊಟ್ಟೆನೋವು? ಕರೆಂಟಪ್ಪನ ಲೈಸೆನ್ಸು ಹೋದರೆ ಅವನ ಮನೆ ಒಲೆ ಆರುತ್ತದೆ, ಸರಿ. ಜೊತೆಗೆ ನಾಳೆ ಇನ್ನೊಂದು ಕಟ್ಟಡ ಬಿದ್ದಾಗ, ಕತ್ತರಿ ಕೈಯಲ್ಲಿದ್ದವರೂ ಕೈಕಟ್ಟಿ ನಿಲ್ಲುತ್ತಾರೆ. ನಾನಂತೂ ಅವರನ್ನು ಬಯ್ಯಲಾರೆ.

ನೋಟಿಸು ಹಿಂತೆಗೆದುಕೊಳ್ಳಿ, ಬರಹದಲ್ಲಿ. ಒಪ್ಪಂದದಲ್ಲಿ ‘ವಾಹನ’ ಎಂಬ ಮೂರಕ್ಷರ ಸೇರಿಸಿ. ಎರಡೂ ದಡದ ಪ್ಲಗ್ಗುಗಳನ್ನು ಒಟ್ಟಿಗೆ ಚುಚ್ಚಿ, ಭಾಷಣಕ್ಕೆ ಗದ್ದಲವಾದರೆ ಆಗಲಿ. ನೋಡಲು ನಾನು ಬರುತ್ತೇನೆ, ಕುರ್ಚಿ ಬೇಡ. ವಿಚಾರಣೆ ಮೂರಕ್ಕೆ, ಆದರೆ ನಾನು ಮೂರರವರೆಗೆ ಕಾಯುವವಳಲ್ಲ. ಮುಂದಿನ ತಿಂಗಳು ಹುಟ್ಟುವ ಮುನ್ನ ಉತ್ತರ ಬರೆಯಿರಿ.

ಇಂತಿ,
ಜನರೇಟರ್ ಪಕ್ಕ ನಿಂತಿದ್ದ ಬಾಯಿ,
ಇನ್ನೂ ಅಲ್ಲೇ ನಿಂತಿದ್ದೇನೆ