ಮಂಗಳವಾರದ ಗುಳಿಗೆ, ಶುಕ್ರವಾರದ ಉಬ್ಬಸ

ಪೀಣ್ಯದ ನಮ್ಮ ಕಾರ್ಮಿಕ ಚಿಕಿತ್ಸಾಲಯದ ಮಾನ್ಯ ವೈದ್ಯಾಧಿಕಾರಿಗಳೇ,

ತಾವು ಮಂಗಳವಾರ ಬರೆದುಕೊಡುವ ಗುಳಿಗೆಯಿಂದ ನನ್ನ ತಾಯಿಗೆ ಉಬ್ಬಸ ಹೆಚ್ಚುತ್ತಿದೆ. ಶುಕ್ರವಾರ ಅದೇ ಉಬ್ಬಸಕ್ಕೆ ತಾವೇ ಔಷಧಿ ಬರೆದುಕೊಡುತ್ತೀರಿ. ಎಂಟು ತಿಂಗಳಾದರೂ ಮಂಗಳವಾರದ ವೈದ್ಯರಿಗೂ ಶುಕ್ರವಾರದ ವೈದ್ಯರಿಗೂ ಪರಿಚಯವಾಗಿಲ್ಲ, ಇಬ್ಬರೂ ತಾವೇ ಆಗಿದ್ದರೂ.

ತಮ್ಮ ವ್ಯವಸ್ಥೆ ಅಚ್ಚುಕಟ್ಟಾದದ್ದು, ಒಪ್ಪುತ್ತೇನೆ. ಮಂಗಳವಾರ ರಕ್ತದೊತ್ತಡದವರಿಗೆ ಹಳದಿ ಚೀಟಿ, ಶುಕ್ರವಾರ ಉಬ್ಬಸದವರಿಗೆ ನೀಲಿ ಚೀಟಿ. ಒಂದರ ದಿನ ಇನ್ನೊಂದನ್ನು ತರಕೂಡದೆಂದು ಗೋಡೆಯ ಮೇಲೆ ಬರೆಸಿದ್ದೀರಿ. ಹೃದಯವನ್ನು ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಬಿಟ್ಟು ಶ್ವಾಸಕೋಶವನ್ನಷ್ಟೇ ಹೊತ್ತು ಬರುವುದು ಹೇಗೆಂದು ಮಾತ್ರ ಎಲ್ಲೂ ಬರೆಸಿಲ್ಲ.

ತಾಯಿಯ ಹೆಸರು ಹೊಳೆವ್ವ. ಕೊಪ್ಪಳದ ಕಡೆಯವಳು, ಇಲ್ಲಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಹೋದ ತಿಂಗಳು ಅವಳ ಜೊತೆ ನಾನೂ ಬಂದಿದ್ದೆ. ತಾವು ನಾಡಿ ಹಿಡಿದು, ಬಡಿತ ಇಳಿದಿದೆ ಎಂದು ಸಂತೋಷಪಟ್ಟಿರಿ. ಅವಳು ಧೈರ್ಯ ಮಾಡಿ, "ಸಾಹೇಬ್ರ, ಈ ಗುಳಿಗಿ ನುಂಗಾಕ ಹತ್ತಿದಾಗಿಂದ ಉಸಿರು ಕಟ್ಟಿದಂಗ ಆಗ್ತೈತ್ರಿ" ಅಂದಳು.

"ಇವತ್ತು ಬಿಪಿ ದಿನ ಕಣಮ್ಮ. ಉಸಿರಿನ ವಿಷಯ ಶುಕ್ರವಾರ ಹೇಳು."

ಪಕ್ಕದಲ್ಲಿ ನಿಂತಿದ್ದ ನಾನು ಕನ್ನಡ ಸಾಹಿತ್ಯದಲ್ಲಿ ಪದವೀಧರೆ. ನನ್ನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಹೊರಗೆ ಬಂದ ಮೇಲೆ ಅವ್ವನೇ ತಮ್ಮ ಪರ ವಹಿಸಿದಳು: "ಪಾಪ, ಅವರಿಗೂ ದಿನದ ಲೆಕ್ಕ ಇರ್ತೈತಲ್ಲವ್ವ."

ತಮ್ಮ ಕಾಂಪೌಂಡರ್ ಹನುಮಂತಯ್ಯನವರು ಕನಿಕರಪಟ್ಟು ಗುಳಿಗೆ ಡಬ್ಬಿಯೊಳಗಿನ ಕಾಗದವನ್ನು ನನ್ನ ಕೈಗಿತ್ತರು. ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಬೀಟಾ ಬ್ಲಾಕರ್ ಅದು, ಹೆಸರು ಅಟೆನೊಲಾಲ್. ಉಬ್ಬಸವಿರುವವರಿಗೆ ಕೊಡಬಾರದೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಇವತ್ತಿನಿಂದಲೇ ನಿಲ್ಲಿಸು ಎಂದು ಅವ್ವನಿಗೆ ಹೇಳಿದೆ. ಮಗಳು ಓದಿದವಳೆಂಬ ಅಭಿಮಾನದಿಂದ ನಿಲ್ಲಿಸಿದಳು. ಮೂರನೆಯ ದಿನ ಮಷೀನಿನ ಮುಂದೆ ಎದೆ ಡವಡವ ಹೊಡೆದುಕೊಂಡು ಕುಸಿದಳು. ಒಮ್ಮೆಲೇ ನಿಲ್ಲಿಸಿದರೆ ಅಪಾಯ ಎಂಬ ಮಾತು ಕಾಗದದ ಹಿಂಬದಿಯಲ್ಲಿತ್ತು. ನಾನು ಮಗುಚಿ ನೋಡಿರಲಿಲ್ಲ. ಆ ತಪ್ಪು ನನ್ನದು. ಅದನ್ನು ತಮ್ಮ ಮೇಲೆ ಹೊರಿಸಲಾರೆ. ಆದರೆ ಎರಡೂ ಬದಿ ಓದಿರುವ ತಾವು, ಎಂಟು ತಿಂಗಳಲ್ಲಿ ಒಂದು ಸಲವಾದರೂ ಈ ಮಾತನ್ನು ಅವಳಿಗೆ ಹೇಳಬಹುದಿತ್ತಲ್ಲವೇ? ಅಥವಾ ಅದಕ್ಕೆ ಬುಧವಾರ ಬರಬೇಕಿತ್ತೇ?

ಜೊತೆಗೆ ಕೆಲಸ ಮಾಡುವ ಚನ್ನಕ್ಕ ಅವಳನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಅಲ್ಲಿಯ ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ ಕೇಳಿದ್ದು, "ಉಬ್ಬಸ ಇದ್ಯಾ?" ಎಂದು. ಅದಕ್ಕೆ ಎರಡು ಸೆಕೆಂಡು ಹಿಡಿಯಿತಂತೆ. ಹಳೆಯ ಗುಳಿಗೆಯನ್ನು ಹಂತ ಹಂತವಾಗಿ ಇಳಿಸಿ ಬೇರೆಯದಕ್ಕೆ ಹೋಗುವ ಕ್ರಮ ಬರೆದುಕೊಟ್ಟರು. ಅದನ್ನು ತಂದರೆ, ಹೊರಗಿನ ಚೀಟಿ ಇಲ್ಲಿ ನಡೆಯದೆಂದು ತಮ್ಮ ಕಿಟಕಿಯಲ್ಲಿ ವಾಪಸು ಕಳಿಸಿದರು. ಹಾಗಾಗಿ ಅವಳು ಮತ್ತೆ ಆ ಹಳೆಯ ಗುಳಿಗೆಯನ್ನೇ ನುಂಗುತ್ತಿದ್ದಾಳೆ, ಅದೂ ಉಳಿದಿರುವುದು ಮಂಗಳವಾರದವರೆಗೆ ಮಾತ್ರ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬರುವ ಮಂಗಳವಾರ ಅವಳ ಹಳದಿ ಚೀಟಿಯಲ್ಲಿ ಹಂತ ಹಂತವಾಗಿ ಔಷಧಿ ಬದಲಿಸಿ. ಇನ್ನು ಮುಂದೆ ಯಾರಿಗೇ ಆಗಲಿ ಈ ಗುಳಿಗೆ ಬರೆಯುವ ಮುನ್ನ ಆ ಎರಡು ಸೆಕೆಂಡಿನ ಪ್ರಶ್ನೆ ಕೇಳಿ. ಒಬ್ಬ ಮನುಷ್ಯನಿಗೆ ಒಂದೇ ಚೀಟಿ ಕೊಡಿ. ಅವ್ವನದನ್ನು ತಾವು ಒಂದುಗೂಡಿಸುವ ಶ್ರಮವೂ ಇಲ್ಲ. ಹಳದಿ, ನೀಲಿ ಎರಡನ್ನೂ ಸೇರಿಸಿ ಅವಳೇ ಜೋಡಿ ಹೊಲಿಗೆ ಹಾಕಿದ್ದಾಳೆ. ಬಿಚ್ಚಲು ನೋಡಬೇಡಿ. ರಫ್ತಿನ ಮಾಲಿಗೆ ಹಾಕುವ ಹೊಲಿಗೆ ಅದು.

ಇಂತಿ,
ಎದುರು ನಿಂತಾಗ ಬಾಯಿ ಬಾರದ,
ಈ ಸಲವೂ ಪಕ್ಕದಲ್ಲೇ ನಿಂತಿರಲಿರುವ
ಸವಿತಾ
ಲಗ್ಗೆರೆ, ಏಪ್ರಿಲ್ ೧೯೯೭