ದಾನಮ್ಮಜ್ಜಿಯ ದನಿ, ಬಲಗಡೆಯ ಕಿಟಕಿ

ಗುಳೇದಗುಡ್ಡ
ಶಾಲಿವಾಹನ ಶಕ ೨೦೯೯, ಮೂರನೇ ವೈಶಾಖ, ಬಹುಳ ಪಂಚಮಿ

ಪೂಜ್ಯ ದಾನಮ್ಮಜ್ಜಿಯವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ಶಕ ಸರಿಯಾಗಿಯೇ ಇದೆ, ನಿಮ್ಮ ಗೋಡೆಯ ಪಂಚಾಂಗಕ್ಕಿಂತ ನೂರೈವತ್ತು ವರ್ಷ ಮುಂದಿದೆ, ಅಷ್ಟೆ. ವೈಶಾಖ ಮೂರು ಸಲ ಏಕೆ ಬರುತ್ತದೆ ಎಂದರೆ, ನಮ್ಮ ಬೇಸಿಗೆ ಎರಡು ತಿಂಗಳಲ್ಲಿ ಹಿಡಿಯುವುದಿಲ್ಲ. ಪಂಚಾಂಗದವರು ಕೂತು ಯೋಚಿಸಿ ವೈಶಾಖವನ್ನೇ ಎಳೆದು ಉದ್ದ ಮಾಡಿದರು. ಈ ಕಾದ ದಿನಗಳನ್ನು ಆಷಾಢವೆಂದು ಕರೆಯಲು ಯಾರಿಗೂ ಮನಸ್ಸಾಗಲಿಲ್ಲವಂತೆ, ಆ ಹೆಸರು ಕೇಳಿದರೆ ಜನ ಮಳೆ ಬಂತೇನೋ ಎಂದು ಸುಮ್ಮನೆ ಆಕಾಶ ನೋಡುತ್ತಾರೆ.

ನಾನು ಶರಣವ್ವ. ನಿಮ್ಮ ಮೊಮ್ಮಗನ ಮೊಮ್ಮಗ ಮುರಿಗೆಪ್ಪನ ಹೆಂಡತಿ, ಅಂದರೆ ನಿಮ್ಮ ಮನೆಯ ಸೊಸೆ. ನನಗೀಗ ಅರವತ್ತು ದಾಟಿದೆ. ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ನಿಮಗೆ ಮೂವತ್ತು ಇರಬಹುದು, ನನ್ನ ಮಗಳಿಗಿಂತ ತುಸು ದೊಡ್ಡವರು. ಹಾಗಾಗಿ ನಿಮ್ಮ ಕಾಲಿಗೆ ಬೀಳಲೋ, ತಲೆಯ ಮೇಲೆ ಕೈಯಿಟ್ಟು ಹರಸಲೋ ತಿಳಿಯದೆ ಅರ್ಧ ದಿನ ಕಳೆದೆ. ಕೊನೆಗೆ ಅಜ್ಜಿ ಅಂದರೆ ಅಜ್ಜಿಯೇ, ವಯಸ್ಸು ಕಟ್ಟಿಕೊಂಡು ಏನಾಗಬೇಕು ಎಂದು ನಮಸ್ಕಾರವನ್ನೇ ಬರೆಯುತ್ತಿದ್ದೇನೆ. ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ಹೊಸದೆನಿಸಿದರೆ ಕ್ಷಮಿಸಿ, ಹೋಗುತ್ತಾ ಹೋಗುತ್ತಾ ಬಿಡಿಸಿ ಹೇಳುತ್ತೇನೆ.

ಮೊದಲು ನಾವು ಹೇಗಿದ್ದೇವೆ ಎಂದು ಹೇಳಬೇಕು, ಇಲ್ಲದಿದ್ದರೆ ನನ್ನ ಬೇಡಿಕೆ ಅರ್ಥವಾಗುವುದಿಲ್ಲ. ನಾವು ಗುಡ್ಡದ ಕೆಂಪು ಕಲ್ಲಿನೊಳಗೆ ಕೊರೆದ ನೆಲಮನೆಗಳಲ್ಲಿ ಇರುತ್ತೇವೆ. ಬೆಳಕು ಹರಿಯುವ ಮೊದಲೇ ಎದ್ದು ಹೊರಗಿನ ಕೆಲಸ ಮುಗಿಸಿ, ಬಿಸಿಲು ಏರುವಷ್ಟರಲ್ಲಿ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಜೋಳದ ರೊಟ್ಟಿ ಹಾಗೇ ಇದೆ, ಶೇಂಗಾ ಹಿಂಡಿ ಹಾಗೇ ಇದೆ, ಅತ್ತೆ ಸೊಸೆ ಜಗಳವೂ ಹಾಗೇ ಇದೆ. ಮಗ್ಗ ನೆಲ ತೋಡಿದ ಕುಣಿಯಲ್ಲೇ ಇದೆ. ನಿಮ್ಮ ಕಾಲದಲ್ಲಿ ಸರ್ವರ್ ಎನ್ನುತ್ತಿದ್ದ ದೂರದ ಉಗ್ರಾಣಕ್ಕೆ ನಾವು ಮೇಲಟ್ಟ ಎನ್ನುತ್ತೇವೆ. ಅವು ನೆಲದ ಮೇಲೆ ಇದ್ದಷ್ಟು ದಿನ ಅವುಗಳ ಕಾವೇ ಊರಿಗೆ ಸಾಕಾಗುತ್ತಿತ್ತಂತೆ, ಅದಕ್ಕೆ ಎಲ್ಲವನ್ನೂ ಆಕಾಶಕ್ಕೆ ಸಾಗಿಸಿ ಅಲ್ಲಿ ಸುತ್ತಲು ಬಿಟ್ಟಿದ್ದಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲಟ್ಟ ನಮ್ಮ ಗುಡ್ಡದ ಮೇಲೆ ಹಾದುಹೋಗುತ್ತದೆ. ಕಳಿಸುವುದು, ತರಿಸುವುದು ಏನಿದ್ದರೂ ಆಗಲೇ. ಆ ಹೊತ್ತಿಗೆ ಯಾರ ಮನೆಗೆ ಹೋದರೂ ಯಾರೂ ಸರಿಯಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬಾರದು.

ಕಳಿಸಲು ತರಿಸಲು ನಾವು ಬಳಸುವುದು ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಈಗ ಇರುವಂಥದ್ದೇ. ತೆರೆಯ ಮೇಲೆ ಎರಡು ಕಿಟಕಿ, ಎಡಗಡೆ ಮನೆಯ ಪೆಟ್ಟಿಗೆಯಲ್ಲಿ, ಅಂದರೆ ನಮ್ಮ ಕಂಪ್ಯೂಟರಿನಲ್ಲಿ, ಇರುವ ಕಡತಗಳು, ಬಲಗಡೆ ದೂರದಲ್ಲಿರುವವು. ಇಲ್ಲಿಂದ ಹಿಡಿದು ಅಲ್ಲಿಗೆ ಎಳೆದರೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಎಳೆದರೆ ಬರುತ್ತದೆ, ಎಷ್ಟು ಹೋಯಿತು ಎಷ್ಟು ಉಳಿಯಿತು ಎಂದು ಕೆಳಗೊಂದು ಗೆರೆ ತುಂಬುತ್ತಾ ತೋರಿಸುತ್ತದೆ. ನಾವು ಇದಕ್ಕೆ ಇಕ್ಕಿಟಕಿ ಎನ್ನುತ್ತೇವೆ. ಬೇರೆ ಊರುಗಳಲ್ಲಿ ಇದನ್ನು ಕಂಡರೆ ನಗುತ್ತಾರೆ. ಅವರ ಹತ್ತಿರ ಬಾಯಲ್ಲಿ ಕೇಳಿದರೆ ಸಾಕು, ಬೇಕಾದ್ದನ್ನು ತಂದುಕೊಡುವ ಯಂತ್ರಗಳಿವೆ. ಎಲ್ಲಿಂದ ತಂದೆ, ಎಲ್ಲಿಟ್ಟಿದ್ದೆ ಎಂದು ಕೇಳಿದರೆ ಮಾತ್ರ ಅವು ಬಾಯಿ ಬಿಡುವುದಿಲ್ಲ. ನೇಕಾರರಿಗೆ ಅದು ಒಗ್ಗಲಿಲ್ಲ. ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂದು ನಮಗೆ ಕಣ್ಣಿಗೆ ಕಾಣಬೇಕು.

ಇನ್ನು ನಿಮ್ಮ ವಿಷಯ. ನಿಮಗೆ ಇನ್ನೂ ಗೊತ್ತಿಲ್ಲದ ನಿಮ್ಮ ಸುದ್ದಿಯನ್ನು ನಾನು ಹೇಳುವುದು ಸರಿಯೋ ತಪ್ಪೋ, ಹೇಳಿಬಿಡುತ್ತೇನೆ. ನಿಮಗೆ ಎಪ್ಪತ್ತು ದಾಟಿದ ಮೇಲೆ ವಿನ್ಯಾಸಕ್ಕೆ ಎಳೆ ಎತ್ತುವ ಯಂತ್ರಗಳ ಬಿಡಿಭಾಗ ಸಿಗದಂತಾಗಿ, ಕುಪ್ಪಸದ ಖಣ ನೇಯುವ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಆಗ ನೀವು ಮಗ್ಗದ ಪಕ್ಕ ಕೂತು, ಯಾವ ಎಳೆ ಎತ್ತಬೇಕು ಯಾವುದು ಬಿಡಬೇಕು ಎಂದು ಬಾಯಿಂದಲೇ ಹೇಳುತ್ತಾ ಹೋಗುತ್ತೀರಿ, ಅದನ್ನು ಧ್ವನಿಮುದ್ರಣ ಮಾಡಿ ಇಡುತ್ತೀರಿ. ಅದಕ್ಕೆ ನಾವು ಹೇಳಿಕೆ ಎನ್ನುತ್ತೇವೆ. ಅಂದಿನಿಂದ ಇಂದಿನವರೆಗೆ ಈ ಮನೆಯ ಖಣ ನಡೆದದ್ದು ನಿಮ್ಮ ದನಿಯ ಮೇಲೆ. ನಡುನಡುವೆ ನೀವು ಕೆಮ್ಮುತ್ತೀರಿ, ಚಹಾ ಕೇಳುತ್ತೀರಿ, ಮಗ್ಗದಲ್ಲಿ ಕೂತವರನ್ನು ಹೆಸರು ಹಿಡಿದು ಬಯ್ಯುತ್ತೀರಿ. "ಕಣ್ಣ ಎಲ್ಲಿಟ್ಟಿ ಬೇ, ಎರಡೆಳೆ ಬಿಟ್ಟು ಹೊಂಟಿ" ಎಂದು ನೀವು ಗದರಿದಾಗ ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಜವಾಗಿಯೂ ಕೈ ತೆಗೆದು ನೋಡಿಕೊಂಡಿದ್ದೆ.

ಈ ಮನೆಯಲ್ಲೊಂದು ಪದ್ಧತಿ ಬೆಳೆದಿದೆ. ಹೆಣ್ಣುಮಗಳು ಬಸುರಾದರೆ, ಏಳನೇ ತಿಂಗಳ ಕುಬಸದ ಶಾಸ್ತ್ರಕ್ಕೆ ತೊಡಿಸುವ ಖಣವನ್ನು ಹೊರಗಿನಿಂದ ತರುವುದಿಲ್ಲ. ಮನೆಯಲ್ಲೇ ನೇಯುತ್ತೇವೆ, ನೇಯುವಷ್ಟು ದಿನವೂ ಆ ಬಸುರಿಯನ್ನು ಮಗ್ಗದ ಪಕ್ಕದಲ್ಲಿ ಕೂರಿಸುತ್ತೇವೆ. ಹೊಟ್ಟೆಯಲ್ಲಿರುವ ಕೂಸು ಹುಟ್ಟುವ ಮೊದಲೇ ದಾನಮ್ಮಜ್ಜಿಯ ದನಿ ಕೇಳಿರಬೇಕು ಎಂಬುದು ಲೆಕ್ಕ. ನನ್ನ ಮಗಳು ಇಂದ್ರವ್ವನಿಗೆ ಈಗ ಆರು ತಿಂಗಳು, ಏಳರಲ್ಲಿ ಕುಬಸ. ಖಣ ಮಗ್ಗದ ಮೇಲೆ ಅರ್ಧಕ್ಕೆ ನಿಂತಿದೆ.

ನಿಂತದ್ದು ಹೀಗೆ. ನಮ್ಮ ಹಳೆಯ ಪೆಟ್ಟಿಗೆ ಕೆಟ್ಟುಹೋಯಿತು. ಹೇಳಿಕೆಗಳೆಲ್ಲ ಮೇಲಟ್ಟದಲ್ಲಿ ಭದ್ರವಾಗಿದ್ದವು, ಯಾರೂ ಹೆದರಲಿಲ್ಲ. ನಮ್ಮವರು, ಅದೇ ನಿಮ್ಮ ಮುರಿಗೆಪ್ಪ, ಹೊಸ ಪೆಟ್ಟಿಗೆ ತಂದು, ಸಂಜೆ ಮೇಲಟ್ಟ ಬರುವ ಹೊತ್ತಿಗೆ ಇಕ್ಕಿಟಕಿ ತೆರೆದು ಕೂತರು. ಅದರಲ್ಲಿ ಸರಿಸಮ ಎಂಬ ಗುಂಡಿ ಇದೆ, ನಿಮ್ಮದರಲ್ಲೂ ಬೇರೆ ಹೆಸರಿನಲ್ಲಿ ಇದ್ದೀತು. ಒಂದು ಕಿಟಕಿಯಲ್ಲಿ ಏನಿದೆಯೋ ಇನ್ನೊಂದರಲ್ಲೂ ಅದನ್ನೇ ಮಾಡುತ್ತದೆ, ಇಲ್ಲಿ ಇಲ್ಲದ್ದನ್ನು ಅಲ್ಲಿಂದ ತೆಗೆದುಹಾಕುತ್ತದೆ. ಯಾವ ಕಡೆಯಿಂದ ಯಾವ ಕಡೆಗೆ ಎಂದು ಬಾಣದ ಗುರುತು ತೋರಿಸಿ, ಹೌದೋ ಅಲ್ಲವೋ ಎಂದು ಕೇಳುತ್ತದೆ.

ನೀವು ನೇಕಾರರ ಮನೆಯವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಗ್ಗದಲ್ಲಿ ಬಟ್ಟೆಯನ್ನು ಮುಖ ಕೆಳಗೆ ಮಾಡಿ ನೇಯುತ್ತೇವೆ, ಕಣ್ಣಿಗೆ ಕಾಣುವುದು ಬೆನ್ನು. ನಮ್ಮ ಎಡಕ್ಕಿರುವುದು ತೊಟ್ಟವರ ಬಲಕ್ಕೆ ಹೋಗುತ್ತದೆ. ಕಂಡದ್ದನ್ನು ಮನಸ್ಸಿನಲ್ಲಿ ಮಗುಚಿಯೇ ಕೈ ಹಾಕಬೇಕೆಂದು ಚಿಕ್ಕಂದಿನಿಂದ ತಲೆಗೆ ಹೊಡೆದು ಕಲಿಸಿರುತ್ತಾರೆ. ನಮ್ಮವರಿಗಂತೂ ಅದು ರಕ್ತಕ್ಕೇ ಇಳಿದಿದೆ. ಅವರ ಹತ್ತಿರ ದಾರಿ ಕೇಳಿದ ಬೀಗರು ಪ್ರತಿ ಸಲ ಪಕ್ಕದ ಓಣಿಯಲ್ಲಿ ಊಟ ಮಾಡಿ ಬರುತ್ತಾರೆ. ಆ ಸಂಜೆಯೂ ಅವರು ಬಾಣವನ್ನು ನೋಡಿದರು, ಮನಸ್ಸಿನಲ್ಲಿ ಮಗುಚಿದರು, ಹೌದು ಎಂದರು. ಎಡಗಡೆಯ ಖಾಲಿ ಪೆಟ್ಟಿಗೆಯಂತೆ ಬಲಗಡೆಯ ಮೇಲಟ್ಟವೂ ಖಾಲಿಯಾಯಿತು. ಕೆಳಗಿನ ಗೆರೆ ಎಂದಿನಂತೆ ಹಸಿರಾಗಿ ತುಂಬಿತು. ಅವರು "ಆತು ನೋಡು" ಎಂದು ನನ್ನನ್ನು ಕರೆದು ತೋರಿಸಿದರು.

ಮೇಲಟ್ಟದವರನ್ನು ಕೇಳಿದೆವು. "ಅಳಿಸಿದವ್ರು ನೀವ, ನಾವೇನ್ ಮಾಡೂಣ್ರಿ" ಎಂದರು. ದಾಯಾದಿಗಳ ಮನೆಯಲ್ಲಿ ಇದ್ದೀತೆಂದು ಓಡಿದೆವು. ಅವರೂ ಇದೇ ಅಟ್ಟದಿಂದ ಕೇಳುತ್ತಿದ್ದವರು, ನಮ್ಮಿಂದ ಅವರದ್ದೂ ಹೋಗಿತ್ತು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಹಳೆಯ ಕುಬಸ ಮುಂದಿಟ್ಟುಕೊಂಡು, ಎಳೆ ಎಣಿಸಿ ಖಣವನ್ನು ಮುಗಿಸಬಹುದು. ನಾನೇ ಅದನ್ನು ಹೇಳಿದೆ. ಬಟ್ಟೆಯ ಮಾತಲ್ಲ ಅದು ಎಂದು ನಮ್ಮವರು ಗೋಡೆಗೆ ಮುಖ ಮಾಡಿದರು. ಅವರ ತಾಯಿ ಅವರು ಅಂಬೆಗಾಲಿಡುವಾಗಲೇ ತೀರಿಕೊಂಡರು. ಅಪ್ಪನಿಗೆ ಮಗ್ಗ ಬಿಟ್ಟು ಏಳುವಂತಿರಲಿಲ್ಲ, ಕೂಸನ್ನು ಕುಣಿಯ ಅಂಚಿನಲ್ಲಿ ಕೂರಿಸಿ ನಿಮ್ಮ ಹೇಳಿಕೆ ಹಚ್ಚುತ್ತಿದ್ದರು. ಅವರು ಮಾತು ಕಲಿತದ್ದು ನಿಮ್ಮಿಂದ. ಈಗಲೂ ಅವರು ಚಹಾ ಕೇಳುವುದು ನಿಮ್ಮ ರಾಗದಲ್ಲೇ. ತಾಯಿಯನ್ನು ಎರಡನೇ ಸಲ ಕಳೆದುಕೊಂಡೆ, ಈ ಸಲ ನನ್ನ ಕೈಯಾರೆ ಎಂದು ಇಂದ್ರವ್ವನ ಹತ್ತಿರ ಅಂದರಂತೆ. ನನ್ನ ಹತ್ತಿರ ಅನ್ನಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಇಕ್ಕಿಟಕಿಯಲ್ಲಿ, ಹಿಂದಿನವರು ಯಾವ ಯಾವ ಉಗ್ರಾಣಗಳಿಗೆ ಹೋಗಿ ಬಂದಿದ್ದರೋ ಆ ವಿಳಾಸಗಳೆಲ್ಲ ಉಳಿದಿರುತ್ತವೆ. ಎಲ್ಲಾದರೂ ಒಂದು ಪ್ರತಿ ಸಿಕ್ಕೀತೆಂದು ಒಂದೊಂದನ್ನೇ ಒತ್ತುತ್ತಾ ಹೋದೆ. ಸಂಪರ್ಕ ಸಿಗಲಿಲ್ಲ, ಸಂಪರ್ಕ ಸಿಗಲಿಲ್ಲ ಎಂದು ಕೆಂಪಗೆ ಬರೆದು ತೋರಿಸುತ್ತಲೇ ಇತ್ತು. ತೀರಾ ಕೆಳಗೆ ದಾನಮ್ಮ ಎಂಬ ಹೆಸರಿನಲ್ಲೇ ಒಂದಿತ್ತು. ಒತ್ತಿದೆ. ಸಂಪರ್ಕವಾಗಿದೆ ಎಂದಿತು. ಬಲಗಡೆಯ ಕಿಟಕಿಯಲ್ಲಿ ನಿಮ್ಮ ಮದುವೆಯ ಫೋಟೋಗಳು, ಖಣದ ಡಿಸೈನುಗಳು, ಯಾರೂ ಹೆಸರಿಡದ ಮೂರು ನಾಲ್ಕು ಹೊಸ ಫೋಲ್ಡರುಗಳು. ಎಲ್ಲಕ್ಕೂ ನಿಮ್ಮ ಕಾಲದ ತಾರೀಕು. ಸತ್ತುಹೋದ ಯಾವುದೋ ಉಗ್ರಾಣದ ನೆರಳು ಇದೆಂದುಕೊಂಡೆ. ಮರುದಿನ ನೋಡಿದರೆ ಒಂದು ಕಡತ ಹೆಚ್ಚಾಗಿತ್ತು, ಅದರ ತಾರೀಕೂ ಒಂದು ದಿನ ಮುಂದಿತ್ತು. ಅಜ್ಜಿ, ಅದನ್ನು ನೀವೇ ಆಗಷ್ಟೇ ಹಾಕಿದ್ದಿರಿ. ನನಗೆ ಒಂದು ದಿನ ಕಳೆದರೆ ಆ ಕಿಟಕಿಯಲ್ಲಿ ನಿಮಗೂ ಒಂದು ದಿನ ಕಳೆಯುತ್ತದೆ. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ಒಂದು ಡಿಸೈನನ್ನು ಹಿಡಿದು ಎಡಕ್ಕೆ ಎಳೆದು ನೋಡಿದೆ, ತಣ್ಣಗೆ ಬಂದು ನಮ್ಮ ಪೆಟ್ಟಿಗೆಯಲ್ಲಿ ಕೂತಿತು.

ಹೇಳಿಕೆಗಳು ಮಾತ್ರ ಅಲ್ಲಿಲ್ಲ. ಇರುವುದಾದರೂ ಹೇಗೆ, ನೀವಿನ್ನೂ ಅವನ್ನು ಹೇಳಿಯೇ ಇಲ್ಲ. ನಿಮಗೆ ಎಪ್ಪತ್ತಾಗಲು ಇನ್ನೂ ನಲವತ್ತು ವರ್ಷ ಬೇಕು. ಅಷ್ಟು ಕಾಯಲು ನನಗೆ ಆಯುಷ್ಯವಿಲ್ಲ, ಇಂದ್ರವ್ವನ ಹೊಟ್ಟೆಯಲ್ಲಿರುವುದಕ್ಕೆ ತಾಳ್ಮೆಯಿಲ್ಲ.

ಅದಕ್ಕೇ ಈ ಕಾಗದವನ್ನು ಬರೆದು, ಎಡದಿಂದ ಬಲಕ್ಕೆ ಎಳೆದು ನಿಮ್ಮ ಫೋಲ್ಡರಿಗೆ ಹಾಕುತ್ತಿದ್ದೇನೆ. ಹಾಕುವ ಮೊದಲು ಬಾಣ ಯಾವ ಕಡೆಗಿದೆ ಎಂದು ಇಂದ್ರವ್ವನನ್ನು ಕರೆದು ಬಾಯಿಬಿಟ್ಟು ಹೇಳಿಸುತ್ತೇನೆ. ಸರಿಸಮ ಗುಂಡಿಯ ಮೇಲೆ ಗಂಜಿ ಹಚ್ಚಿ ಬಟ್ಟೆಯ ಚೂರೊಂದನ್ನು ಅಂಟಿಸಿದ್ದೇನೆ, ನಿಮ್ಮ ಕಡತಗಳಿಗೆ ನನ್ನಿಂದ ಧಕ್ಕೆಯಾಗುವುದಿಲ್ಲ. ಗೊತ್ತಿಲ್ಲದ ಕಡತ ಬಂದು ಕೂತಿದೆಯೆಂದು ಇದನ್ನು ಓದದೆ ಅಳಿಸಿಬಿಡಬೇಡಿ. ನಿಮ್ಮ ಕಾಲದಲ್ಲಿ ಹಾಗೆ ಅಳಿಸುವುದೇ ಜಾಣತನವಂತೆ, ಈ ಒಂದು ಸಲ ದಡ್ಡರಾಗಿ.

ನಾನು ಬೇಡುವುದು ಇಷ್ಟೇ. ಮುಪ್ಪು ಬರಲಿ ಎಂದು ಕಾಯದೆ ಈಗಲೇ ಒಂದು ಸಲ ಮಗ್ಗದ ಪಕ್ಕ ಕೂತು, ಫೋನಿನಲ್ಲೋ ಯಾವುದರಲ್ಲೋ, ನಿಮ್ಮ ಮನೆಯ ಖಣವನ್ನು ಮೊದಲಿಂದ ಕಡೆಯವರೆಗೆ ಬಾಯಲ್ಲಿ ಹೇಳಿ ಇದೇ ಫೋಲ್ಡರಿನಲ್ಲಿ ಇಡಿ. ನಿಮ್ಮ ಕಾಲದಲ್ಲಿ ಯಂತ್ರ ತಾನೇ ಎಳೆ ಎತ್ತುತ್ತದೆ, ಬಾಯಲ್ಲಿ ಹೇಳುವುದು ಹುಚ್ಚುತನವೆಂದು ಮನೆಯವರು ನಕ್ಕಾರು. ನಗಲಿ. ತಪ್ಪಿದರೆ ತಪ್ಪಲಿ, ನೀವು ತಪ್ಪಿದ ಕಡೆ ನಾವೂ ತಪ್ಪಿ ನೇಯುತ್ತೇವೆ. ಒಂದು ಪ್ರತಿಯನ್ನು ಬೇರೆ ಯಾವುದಾದರೂ ಊರಿನ ಉಗ್ರಾಣದಲ್ಲೂ ಇಡಿ, ಎರಡನ್ನೂ ಒಬ್ಬನೇ ಗಂಡಸಿನ ಕೈಗೆ ಕೊಡಬೇಡಿ. ನಿಮ್ಮ ದನಿ ಅಂದರೆ ನಮಗೆ ಗೊತ್ತಿರುವುದು ಕೆಮ್ಮು ಬೆರೆತ ಮುದುಕಿಯ ದನಿ. ಮೂವತ್ತರ ಹರೆಯದಲ್ಲಿ ಅದು ಹೇಗಿತ್ತೋ, ಈ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಇಂದ್ರವ್ವನ ಕೂಸೇ ಮೊದಲು ಕೇಳಲಿ.

ನಮ್ಮವರಿಗೆ ನಾನು ಇದನ್ನು ಇನ್ನೂ ಹೇಳಿಲ್ಲ. ಹೇಳಿದ ಮೇಲೆ ನೀವು ಕಳಿಸದೆ ಹೋದರೆ ಅವರು ಮೂರನೇ ಸಲ ತಬ್ಬಲಿಯಾಗುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನೊಬ್ಬಳೇ ಕೂತು ಬಲಗಡೆಯ ಕಿಟಕಿಯನ್ನು ನೋಡುತ್ತಿರುತ್ತೇನೆ.

ಇನ್ನೊಂದು ಮಾತು. ಆ ಹೇಳಿಕೆಗಳಲ್ಲಿ ನೀವು ಎಷ್ಟೋ ಜನರ ಹೆಸರು ಹಿಡಿದು ಕರೆದಿರಿ, ನಮ್ಮವರ ಹೆಸರು ಮಾತ್ರ ಒಂದರಲ್ಲೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಈಗ ನಿಮಗೆ ಗೊತ್ತಾಗಿದೆ. ಎಳೆಗಳನ್ನು ಹೇಳುವಾಗ ನಡುವೆ ಎಲ್ಲಾದರೂ, "ಮುರಿಗೆಪ್ಪಾ, ಉಂಡಿ ಏನೋ?" ಎಂದು ಒಮ್ಮೆ ಕೇಳಿಬಿಡಿ. ಅವರು ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ, ನಾನು ಹೇಳಿದರೆ ಕೇಳುವುದಿಲ್ಲ. ನೀವು ಹೇಳಿದರೆ ಏಳುತ್ತಾರೆ.

ನಿಮ್ಮ ಸೊಸೆ,
ಶರಣವ್ವ