ಹೊರಗಿನ ಕೋಣೆಯ ಆಟ

ಯಲ್ಲಾಪುರ
೧೫-೧೧-೨೦೦೫, ಮಂಗಳವಾರ

ಇಸಳೂರಿನ ಸುಜಯ ಅವರಿಗೆ,

‘ಪ್ರೀತಿಯ’ ಎಂದು ಮೊದಲು ಬರೆದು ಹೊಡೆದು ಹಾಕಿದ್ದೇನೆ. ಗೀಚಿದ್ದು ಕಾಣುತ್ತದೆ, ಕಾಣಲಿ. ನಾನು ಕ್ಷೇಮ. ನೀವೂ ಅತ್ತೆಯೂ ಕ್ಷೇಮವೆಂದು, ಈ ತಿಂಗಳ ಕೊನೆಗೆ ಮನೆಯ ಮೇಲೆ ಮಹಡಿ ಕಟ್ಟಲು ಮುಹೂರ್ತ ಇಟ್ಟಿದ್ದೀರೆಂದು ನಿಮ್ಮ ಕಾಗದದಿಂದ ತಿಳಿಯಿತು. ಮದುವೆಯಾದ ಮೇಲೆ ನೀವು ನನಗೆ ಬರೆದ ಮೊದಲ ಕಾಗದ ಅದು. ಅಕ್ಷರ ಚೆನ್ನಾಗಿದೆ. ಕ್ಷಮೆಯನ್ನೂ ಅಚ್ಚುಕಟ್ಟಾಗಿ ಕೇಳಿದ್ದೀರಿ.

ಕಳೆದ ತಿಂಗಳು ಕಾನಸೂರಿನಲ್ಲಿ, ನನ್ನ ಅಪ್ಪಯ್ಯನ ಮನೆಯಲ್ಲಿ, ಎರಡೂ ಕಡೆಯ ಹಿರಿಯರು ಕೂತಿದ್ದಾಗ ನೀವು ಒಂದು ಪ್ರಶ್ನೆ ಕೇಳಿದಿರಿ. “ಒಂದು ಕಂಪ್ಯೂಟರ್ ಆಟದ ಸಂಬಂಧ ಮನೆ ಬಿಟ್ಟು ಬಪ್ಪದು ಹೇಳಿರೆ ಎಂತ? ಹೆಂಗಸ್ರಿಗೆ ಅಂಥದ್ದು ಎಂತ ಇದ್ದು ಅದ್ರಲ್ಲಿ?” ಎಲ್ಲರೂ ನಕ್ಕರು. ಅಪ್ಪಯ್ಯನೂ ನಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ “ಸಣ್ಣ ಪ್ರಾಯ, ಸರಿ ಆಗ್ತು” ಎಂದರು, ಇನ್ಯಾರೋ ಚಾ ತರಲು ಹೇಳಿದರು. ಚಾ ಮಾಡಿದ್ದೂ ನಾನೇ. ನಿಮ್ಮ ಪ್ರಶ್ನೆ ಹಾಗೇ ಉಳಿದುಬಿಟ್ಟಿತು. ಅದಕ್ಕೆ ಉತ್ತರ ಈ ಕಾಗದ.

ಇಸಳೂರಿನ ಮನೆ ಕಟ್ಟುವಾಗ ಅತ್ತೆ ಒಂದೇ ಹಟ ಹಿಡಿದಿದ್ದರು: ಹೊಸ ಮನೆಯಾದರೇನು, ಹೆಂಗಸರು ಮೂರು ದಿನ ಹೊರಗೆ ಕೂರಲು ಬೇರೆ ಬಾಗಿಲಿನ ಒಂದು ಕೋಣೆ ಬೇಕೇ ಬೇಕು. ನೀವು ಕಟ್ಟಿಸಿದಿರಿ. ತಿಂಗಳಲ್ಲಿ ಮೂರು ದಿನ ಬಿಟ್ಟರೆ ಖಾಲಿಯಿರುವ ಕೋಣೆ ದಂಡವಾಯಿತಲ್ಲ ಎಂದು ಅಂಗಡಿಗಳ ಲೆಕ್ಕ ಬರೆಯುವ ನಿಮ್ಮ ಕಂಪ್ಯೂಟರನ್ನು ಅಲ್ಲಿಟ್ಟಿರಿ. ಹಾಗೆ ನಾನೂ ಅದೂ ಒಂದೇ ಕೋಣೆಯ ಪಾಲಾದೆವು.

ಮೊದಲ ಸಲ ನಾನು ಅದನ್ನು ಮುಟ್ಟಿದ್ದು ಗೊತ್ತಾಗಿ ಅತ್ತೆ ನಾಲ್ಕನೇ ದಿನ ಬೆಳಿಗ್ಗೆ ಇಡೀ ಕೋಣೆಗೆ ಗೋಮೂತ್ರ ಚಿಮುಕಿಸಿದರು. ಕೀಬೋರ್ಡಿಗೂ ಬಿತ್ತು. ಅರ್ಧ ಅಕ್ಷರಗಳು ಅಂಟಿಕೊಂಡು, ನೀವು ಒಂದು ‘ಎ’ ಒತ್ತಿದರೆ ಸಾಲು ತುಂಬ ‘ಎ’ ಬರುತ್ತಿತ್ತು. ನೀವು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. ಆಮೇಲೆ ಹೊಸ ಕೀಬೋರ್ಡು ಬಂತು, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಬಂತು, ಜೊತೆಗೊಂದು ಕಟ್ಟಳೆಯೂ ಬಂತು. ನಾನು ಹೊರಗಿದ್ದಾಗ ನನ್ನ ತಟ್ಟೆ, ಚಾಪೆ, ಚೊಂಬಿನ ಹಾಗೆ ಕಂಪ್ಯೂಟರನ್ನೂ ಬೇರೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ತಲೆಸ್ನಾನ. ನನ್ನನ್ನು ದೂರ ಇಡಲು ಮಾಡಿದ ಕಟ್ಟಳೆಯಿಂದ ಮೂರು ದಿನದ ಮಟ್ಟಿಗೆ ಆ ಮನೆಯಲ್ಲಿ ನನ್ನದು ಎನ್ನುವ ಒಂದು ವಸ್ತು ಸಿಕ್ಕಿತು.

ಆ ಆಟದ ಸೀಡಿಯನ್ನು ನಿಮ್ಮ ಸ್ನೇಹಿತ ಉಲ್ಲಾಸ ನಿಮಗೆಂದು ತಂದುಕೊಟ್ಟದ್ದು. ನೀವು ಒಂದು ಸಂಜೆ ಆಡಿ “ಥೋ, ಬರೀ ಮಾತು. ಗುದ್ದಾಟವೇ ಇಲ್ಲೆ” ಎಂದು ಎದ್ದುಬಿಟ್ಟಿರಿ. ನನಗೆ ಬೇಕಿದ್ದದ್ದು ಆ ಮಾತೇ. ಬಿ.ಎ. ಓದುವಾಗ ಕೊಂಡ ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿದೆ. ಮೊದಲು ಹೆಸರು ಕೇಳಿತು. ನಿಮ್ಮ ಮನೆಯಲ್ಲಿ ಉದ್ದವಾಯಿತೆಂದು ಕತ್ತರಿಸಿ ‘ರಮಾ’ ಮಾಡಿದ್ದೀರಲ್ಲ, ನಾನು ಪೂರ್ತಿ ಹೆಸರನ್ನೇ ಬರೆದೆ. ಆಮೇಲೆ ಎಲ್ಲರೂ ಅದೇ ಹೆಸರಿನಿಂದ ಕರೆದರು.

ಕತೆ ಇಷ್ಟು. ನಾನು ಊರೂರು ತಿರುಗಿ ಔಷಧ ಕೊಡುವವಳು. ಹೊಳೆಯಾಚೆಯ ಒಂದು ಊರಿಗೆ ಬರುತ್ತೇನೆ. ಅಲ್ಲಿ ದೋಣಿ ನಡೆಸುವವನ ಮಗಳು ಬಾವಿಗೆ ವಿಷ ಹಾಕಿದಳೆಂದು ಊರವರು ಅವಳನ್ನು ಕೋಟೆಯ ಹೊರಗೆ ಇಟ್ಟಿದ್ದಾರೆ. ಅವಳೇ ಹಾಕಿದ್ದು ಹೌದೋ ಅಲ್ಲವೋ, ಅವಳನ್ನು ಊರವರಿಗೆ ಒಪ್ಪಿಸಬೇಕೋ ಹೊಳೆ ದಾಟಿಸಬೇಕೋ, ಅದನ್ನು ನಾನು ಮನೆಮನೆಗೆ ಹೋಗಿ ಮಾತಾಡಿ ತಿಳಿಯಬೇಕು. ಊರ ಯಜಮಾನನೊಬ್ಬ ಗಡ್ಡದ ಮುದುಕ. ಅವನು ಏನೋ ಕೇಳುತ್ತಾನೆ, ಕೆಳಗೆ ಮೂರು ಉತ್ತರ ಬರುತ್ತವೆ. ಯಾವುದನ್ನು ಹೇಳುತ್ತೇನೋ ಅದಕ್ಕೆ ತಕ್ಕ ಹಾಗೆ ಮುಂದಿನ ಕತೆ ನಡೆಯುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಮುದುಕ ಕಾಯುತ್ತಿದ್ದ. ನಾನು ನಿಘಂಟು ನೋಡಿ, ನೀರು ಕುಡಿದು, ಕಿಟಕಿಯಿಂದ ಬಸ್ಸು ಹೋಗುವುದನ್ನು ನೋಡಿ ಬಂದರೂ ಅವನು ನನ್ನ ಮುಖ ನೋಡುತ್ತ ಹಾಗೇ ನಿಂತಿರುತ್ತಿದ್ದ. ನನ್ನ ಬದಲು ಬೇರೆ ಯಾರೂ ಉತ್ತರ ಹೇಳುತ್ತಿರಲಿಲ್ಲ. ನನಗೆ ಅದು ಎಷ್ಟು ಹೊಸದು ಎಂದು ನಿಮಗೆ ಹೇಗೆ ತಿಳಿಸಲಿ?

ಶಿರಸಿ ಪೇಟೆಯ ಹೋಟೆಲಿನಲ್ಲಿ ಮಾಣಿ ಬಂದು ನನ್ನ ಕಡೆ ತಿರುಗಿ ಏನು ಬೇಕೆಂದು ಕೇಳಿದರೆ “ಅದ್ಕೊಂದು ಕಷಾಯ” ಎಂದು ನೀವೇ ಹೇಳುವಿರಿ. ನನಗೆ ಕಷಾಯ ಸೇರುವುದಿಲ್ಲ, ಇಷ್ಟು ವರ್ಷ ಕುಡಿದಿದ್ದೇನೆ. ಸಿದ್ದಾಪುರದ ಶಾಲೆಯಿಂದ ಕೆಲಸಕ್ಕೆ ಬರುತ್ತೀರಾ ಎಂದು ಫೋನು ಬಂದಾಗ ನಾನು ಹಿಟ್ಟಿನ ಕೈ ತೊಳೆದು ಬರುವುದರೊಳಗೆ ನನಗೆ ಆಸಕ್ತಿಯಿಲ್ಲ ಎಂದು ನೀವು ಹೇಳಿ ಇಟ್ಟಾಗಿತ್ತು. ಇವೆಲ್ಲ ಸಣ್ಣವು ಎನ್ನುತ್ತೀರಿ. ಒಪ್ಪಿದೆ. ದೊಡ್ಡದು ಯಾವುದೆಂದು ನಿಮಗೂ ಗೊತ್ತು.

ಮನೆಯ ಗೋಡೆ ಎದ್ದು ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾದ ಮೇಲೆ ನನಗೆ ನಿಂತಿತು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಮನೆ ಕಟ್ಟಬಾರದು, ಗೃಹಪ್ರವೇಶ ಮಾಡಬಾರದು ಎಂದು ಶಾಸ್ತ್ರ. ಉಳಿದ ಯಾವ ಶಾಸ್ತ್ರವನ್ನೂ ನಂಬದ ನೀವು ಅದೊಂದನ್ನು ನಂಬಿದಿರಿ. ಡಾಕ್ಟರು ನನ್ನ ಮುಖವನ್ನೇ ನೋಡಿ “ಇಟ್ಟುಕೊಳ್ಳುತ್ತೀರಾ?” ಎಂದು ಕೇಳಿದರು. ನನ್ನನ್ನು ಕೇಳಿದ್ದು. ನಾನು ಉಸಿರು ಎಳೆದುಕೊಂಡೆ, ಅಷ್ಟೆ. “ಈಗ ಬೇಡ ಡಾಕ್ಟ್ರೇ, ಮುಂದೆ ನೋಡುವ” ಎಂದಿತು ನಿಮ್ಮ ದನಿ. ಅವರು ಬರೆದುಕೊಂಡರು. ಬೈಕಿನಲ್ಲಿ ವಾಪಸು ಬರುವಾಗ “ಆಯಿಗೆ ಹೇಳದು ಬ್ಯಾಡ” ಎಂದಿರಿ. ನಾನು ಹೇಳಲಿಲ್ಲ. ಗೃಹಪ್ರವೇಶದ ದಿನ ಕಳಶ ಹಿಡಿದು ಒಳಗೆ ಬಂದವಳು ನಾನೇ. ಎಲ್ಲರೂ ಮನೆ ಚೆನ್ನಾಗಿದೆ ಎಂದರು.

ನೀವು ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಅದೇ ನನ್ನ ಕಷ್ಟ. ಯಾರ ಹತ್ತಿರ ಹೇಳಿದರೂ “ಮತ್ತೆಂತ ಆಗವು ನಿಂಗೆ?” ಎನ್ನುತ್ತಾರೆ.

ಹೆಂಗಸರಿಗೆ ಅದರಲ್ಲಿ ಏನಿದೆ ಎಂದು ಕೇಳಿದಿರಿ, ಹೆಂಗಸರು ಎಂದರೆ ನಾನೊಬ್ಬಳೇ ಎಂದುಕೊಂಡು. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಹೊರಗಿದ್ದ ದಿನಗಳಲ್ಲಿ ಅತ್ತೆ ನನ್ನ ಊಟದ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಹೋಗಲಿಲ್ಲ. ಸೆರಗು ಒಟ್ಟಿಕೊಂಡು, ಏನೂ ತಾಗದ ಹಾಗೆ ದೂರ ನಿಂತು, “ಅದು ಎಂತ ಕೂಸು? ಒಂದೇ ಸಮ ಅಳ್ತು?” ಎಂದು ಕೇಳಿದರು. ಆಟದ ಆ ದೋಣಿಯವನ ಮಗಳ ಕತೆಯನ್ನೆಲ್ಲ ಹೇಳಿದೆ. ಮರುದಿನ ತಟ್ಟೆ ಬೇಗ ಬಂತು. ಮುಂದಿನ ತಿಂಗಳಿನ ಹೊತ್ತಿಗೆ ಅವರು ಮಣೆ ತಂದು ಹೊಸ್ತಿಲಾಚೆ ಹಾಕಿಕೊಂಡು ಕೂರತೊಡಗಿದರು. ನಾನು ಮೂರೂ ಉತ್ತರಗಳನ್ನು ಕನ್ನಡ ಮಾಡಿ ಹೇಳಬೇಕು. ಆ ಗಡ್ಡದ ಯಜಮಾನನ ಮುಂದೆ ಮೊದಲನೆಯದು ಕ್ಷಮೆ ಕೇಳುವುದು, ಎರಡನೆಯದು ಸುಮ್ಮನೆ ಹೊರಟುಹೋಗುವುದು, ಮೂರನೆಯದು ಸುಳ್ಳು ಹೇಳುತ್ತಿರುವವನು ನೀನೇ ಎನ್ನುವುದು. ಅತ್ತೆ ಒಮ್ಮೆ ತಿರುಗಿ ಜಗಲಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡರು. “ಮೂರ್ನೇದು. ಆ ಮುದ್ಕಂಗೆ ಹೆದ್ರಡ, ಹೇಳು” ಎಂದರು. ಮಾವ ಇರುವವರೆಗೆ ಅವರೆದುರು ಕೂತು ಒಂದು ಮಾತಾಡದಿದ್ದ ಹೆಂಗಸು. ಮುದುಕನ ಮುಖ ಸಪ್ಪೆಯಾದಾಗ ನಾವಿಬ್ಬರೂ ಹೊಸ್ತಿಲಿನ ಆಚೆಯೂ ಈಚೆಯೂ ಕೂತು ನಕ್ಕದ್ದನ್ನು ನೀವು ನೋಡಬೇಕಿತ್ತು. ನೋಡಿದ್ದರೆ ನಾವು ನಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇಲ್ಲಿ ಯಲ್ಲಾಪುರದಲ್ಲಿ ನನಗೆ ಕೆಲಸ ಕೊಟ್ಟಿರುವ ತನುಜಾಳನ್ನೂ ಕೇಳಿದೆ. ಕಾಲೇಜಿನ ಗೆಳತಿ, ಈಗ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟಿದ್ದಾಳೆ. ಅವಳಿಗೂ ಇಂಥ ಆಟದ ಮರುಳಿದೆ. ಅವಳಿಗೆ ಉತ್ತರ ಹೇಳುವುದಕ್ಕಿಂತ ನಡೆಯುವುದು ಇಷ್ಟವಂತೆ. ಒಬ್ಬಳೇ ಕಾಡು ಹೊಕ್ಕರೂ, ಸೇತುವೆ ದಾಟಿ ಇನ್ನೊಂದು ಊರಿಗೆ ಹೋದರೂ ಎಲ್ಲಿಗೆ ಹೊರಟೆ, ಜೊತೆಗೆ ಯಾರಿದ್ದಾರೆ ಎಂದು ಕೇಳುವವರಿಲ್ಲ. ಇದಕ್ಕೆ ನೀವು ನಗುತ್ತೀರೇನೋ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಒಬ್ಬಳೇ ಅರ್ಧ ಗಂಟೆ ಕೂತು ನೋಡಿದ ಹೆಂಗಸು ನಗುವುದಿಲ್ಲ.

ಈ ವರ್ಷ ಚೌತಿಗೆ ಮೊದಲು, ಅಕ್ಕಪಕ್ಕದವರೆಲ್ಲ ಸೇರಿ ಚಕ್ಕುಲಿ ಸುತ್ತುವ ದಿನವೇ ನಾನು ಹೊರಗೆ ಕೂತೆ. ಹಬ್ಬದ ಮನೆಯಲ್ಲಿ ಸೊಸೆ ಇದ್ದೂ ಇಲ್ಲದ ಹಾಗೆ. ಅದು ಸುಳ್ಳು ಮುಟ್ಟು, ಆಟದ ಹುಚ್ಚಿಗೆ ಕೂತದ್ದು ಎಂದು ಕಾನಸೂರಿನಲ್ಲಿ ಎಲ್ಲರೆದುರು ಹೇಳಿದಿರಿ. ಗಂಡಸರ ಬಾಯಲ್ಲಿ ಆ ಮಾತು ಕೇಳಿ ನನ್ನ ಆಯಿ ಒಳಗೆ ಎದ್ದು ಹೋದಳು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹಬ್ಬ ಕಳೆದು ಎರಡು ವಾರಕ್ಕೆ ನಡೆದದ್ದು ನಿಮ್ಮ ಪ್ರಕಾರ ಒಂದು ಉಪಕಾರ. ನಾನು ದೋಸೆ ಹೊಯ್ಯುತ್ತಿದ್ದೆ, ಅತ್ತೆ ಕಾಯಿ ತುರಿಯುತ್ತಿದ್ದರು. ನೀವು ಹೊರಗಿನ ಕೋಣೆಯಿಂದ ನಗುನಗುತ್ತ ಬಂದಿರಿ. “ಮುಗ್ಸಿ ಕೊಟ್ಟಿದ್ದಿ ನೋಡು. ಇನ್ನು ನಿಂಗೆ ತಲೆಬಿಶಿ ಇಲ್ಲೆ.” ನಾನು ನಿಲ್ಲಿಸಿಟ್ಟ ಜಾಗದಿಂದ, ನನ್ನ ಹೆಸರಿನಲ್ಲಿ, ಉಳಿದ ಉತ್ತರಗಳನ್ನೆಲ್ಲ ನೀವೇ ಹೇಳಿ, ನಾನು ಉಳಿಸಿಟ್ಟ ಆಟ ಅಳಿಸಿಹೋಗುವ ಹಾಗೆ ಅದರ ಮೇಲೆಯೇ ಉಳಿಸಿಟ್ಟು ಬಂದಿದ್ದಿರಿ. ಆ ಹುಡುಗಿಯನ್ನು ಏನು ಮಾಡಿದಿರಿ ಎಂದು ಕೇಳಿದೆ. “ಊರವ್ರಿಗೆ ಒಪ್ಸಿದಿ. ಸೀದಾ ಮುಗೀತು, ಒಂದು ಕತ್ತಿನೂ ಸಿಕ್ತು” ಎಂದಿರಿ. ನೀವು ಕೈ ತೊಳೆಯಲು ಹೋದ ಮೇಲೆ ಅತ್ತೆ ತುರಿಯುವುದನ್ನು ನಿಲ್ಲಿಸಿ ಮೆಲ್ಲಗೆ “ಆ ಕೂಸು ಹೊಳೆ ದಾಟ್ಚಾ?” ಎಂದು ಕೇಳಿದರು. ಇಲ್ಲೆ ಎಂದೆ. ಅವರು ಎದ್ದು ಒಲೆಯ ಉರಿ ಆರಿಸಿದರು. ಕಾವಲಿಯ ಮೇಲೆ ನಿಮ್ಮ ದೋಸೆ ಅರ್ಧ ಬೆಂದಿತ್ತು.

ಅದೇ ವಾರ ಬ್ಯಾಗು ಹಿಡಿದು ಕಾನಸೂರಿಗೆ ಹೊರಟೆ. ಆಟಕ್ಕಾಗಿ ಅಲ್ಲ. ಆಟದಲ್ಲಿ ಒಬ್ಬಳನ್ನು ಒಪ್ಪಿಸಿ ಕತ್ತಿ ತಂದ ಮುಖವೂ ಡಾಕ್ಟರ ಮೇಜಿನ ಮುಂದೆ ಕಂಡ ಮುಖವೂ ಒಂದೇ ಆಗಿತ್ತು. ಎರಡು ಸಲವೂ ನೀವು ನನಗೆ ಸಹಾಯ ಮಾಡಿದ ಸಮಾಧಾನದಲ್ಲಿ ಇದ್ದಿರಿ.

ಈಗ ನಿಮ್ಮ ಕಾಗದ. ‘ನಿನ್ನ ಬದಲು ನಾನು ಮಾತಾಡಿದ್ದು ತಪ್ಪು, ಇನ್ನು ಮೇಲೆ ನಿನ್ನ ಮಾತನ್ನು ನೀನೇ ಆಡು’ ಎಂದು ಬರೆದಿದ್ದೀರಿ. ಕಂಪ್ಯೂಟರನ್ನು ಜಗಲಿಗೇ ತಂದಿಡುತ್ತೇನೆ, ದಿನವೂ ಆಡು ಎಂದಿದ್ದೀರಿ. ಓದಿ ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ತನುಜಾಳಿಗೂ ಓದಿ ಹೇಳಿದೆ. ಆಮೇಲೆ ಹಾಳೆ ತಿರುಗಿಸಿದೆ. ಹಿಂದುಗಡೆ ಒಂದೇ ಸಾಲು ಇತ್ತು: ‘ನೀನು ಬರುತ್ತೀಯೆಂದು ನಿನ್ನ ಅಪ್ಪಯ್ಯನಿಗೆ ಹೇಳಿಯಾಗಿದೆ, ೨೦ನೇ ತಾರೀಖು ಭಾನುವಾರ ಬೆಳಿಗ್ಗೆ ಜೀಪು ಬರುತ್ತದೆ, ತಯಾರಾಗಿರು.’

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಲ್ಲ. ಕ್ಷಮೆ ಕೇಳಿದ ಹಾಳೆಯ ಬೆನ್ನಿನ ಮೇಲೇ ನೀವು ನನ್ನ ಉತ್ತರವನ್ನು ಬರೆದು ಮುಗಿಸಿದ್ದೀರಿ.

ಜೀಪು ಕಳಿಸಬೇಡಿ. ನಾನು ಬರುವುದಿಲ್ಲ. ಸಿಟ್ಟಿನಲ್ಲಿ ಹೇಳಿದ್ದಲ್ಲ. ನಿಮ್ಮ ಕಾಗದ ಬಂದು ಒಂದು ವಾರವಾಯಿತು, ಅಷ್ಟು ದಿನ ಯೋಚನೆ ಮಾಡಿದೆ. ಅಪ್ಪಯ್ಯನಿಗೆ ನಾನೇ ಬೇರೆ ಬರೆಯುತ್ತೇನೆ, ನೀವು ಹೇಳುವುದು ಬೇಡ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಆಟವನ್ನು ಇಲ್ಲಿ ಮೊದಲಿನಿಂದ ಹಿಡಿದು ಆಡಿದೆ, ಆ ಕೂಸು ಹೊಳೆ ದಾಟಿತು ಎಂದು ಅವರಿಗೊಬ್ಬರಿಗೆ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಇಂತಿ,
ರಮ್ಯಶ್ರೀ
(ಪೂರ್ತಿ ಹೆಸರು)

ತಾ.ಕ.: ಚೌತಿಯಲ್ಲಿ ನಾನು ಹೊರಗೆ ಕೂತದ್ದು ಸುಳ್ಳು ಎಂದಿರಲ್ಲ, ಅದು ಸರಿ. ಅದರ ಹಿಂದಿನ ತಿಂಗಳು ಕೂತದ್ದೂ ಸುಳ್ಳೇ. ಆದರೆ ಆಟಕ್ಕಾಗಿ ಕೂತದ್ದಲ್ಲ. ನನಗೆ ನಿಂತಿತ್ತು. ನೀವಾಗಲೇ ಮಹಡಿಯ ನಕ್ಷೆ ಹಿಡಿದು ಓಡಾಡುತ್ತಿದ್ದಿರಿ. ಕೇಳಿದರೆ ನಿಮ್ಮ ಉತ್ತರ ಏನೆಂದು ನನಗೆ ಗೊತ್ತಿದ್ದುದರಿಂದ ಕೇಳುವ ಸಂದರ್ಭವೇ ಬಾರದ ಹಾಗೆ ನೋಡಿಕೊಂಡೆ. ಅತ್ತೆಗೆ ತಿಳಿಯಿತು. ಬಚ್ಚಲ ಹಿಂದಿನ ಹಗ್ಗದಲ್ಲಿ ಮುಟ್ಟಿನ ಬಟ್ಟೆಯೇ ಇಲ್ಲದ್ದನ್ನು ಅವರು ನೋಡಿದರು. ಆದರೂ ಮಡಿ ಮೈಲಿಗೆ ಎಂದು ಜೀವ ಬಿಡುವ ಹೆಂಗಸು ಒಂದು ಮಾತಾಡದೆ ಮೂರು ದಿನವೂ ನನ್ನ ತಟ್ಟೆಯನ್ನು ಹೊಸ್ತಿಲಾಚೆಯೇ ಇಟ್ಟರು. ಕೊನೆಯ ದಿನ ತಟ್ಟೆಯಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿ ಒಂದರ ಬದಲು ಎರಡಿತ್ತು. ಇಲ್ಲಿಯ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಇಟ್ಟುಕೊಳ್ಳುತ್ತೇನೆ ಎಂದು ನಾನೇ ಹೇಳಿದೆ. ಈಗ ಐದನೇ ತಿಂಗಳು. ಶಾಸ್ತ್ರ ನಿಮಗೆ ಗೊತ್ತೇ ಇದೆ. ಮಹಡಿಯ ಮುಹೂರ್ತ ನಿಲ್ಲಿಸುತ್ತೀರೋ ಇಲ್ಲವೋ, ಅದಕ್ಕೆ ಮಾತ್ರ ಉತ್ತರ ನೀವೇ ಹೇಳಿಕೊಳ್ಳಿ.